ಲೀಟರಿಗೆ ಹದಿನೇಳು

ಹೊಸ ಪಿಕಪ್‌ಗೆ ಡೀಸೆಲ್ಲೋ ಗ್ಯಾಸೋ ಎಂಬ ಜಗಳ ಆ ಮನೆಯಲ್ಲಿ ಊಟದ ಹೊತ್ತಿಗೆಲ್ಲ ನಡೆಯುತ್ತಿತ್ತು. ಗ್ಯಾಸ್ ಬೇಕೆಂದವನು ಮಗ, ಗಾಡಿ ಓಡಿಸಬೇಕಾದವನು. ಡೀಸೆಲ್ಲೇ ಎಂದವನು ಅಪ್ಪ, ಗಾಡಿ ಯಾರ ಹೆಸರಿಗೆ ಬರಲಿತ್ತೋ ಅವನು.

ಅಪ್ಪನನ್ನು ಬಾಡಿಗೆ ಗಾಡಿಗಳ ಸ್ಟ್ಯಾಂಡಿನಲ್ಲಿ ಎಲ್ಲರೂ ಲೀಟರಪ್ಪ ಎಂದೇ ಕರೆಯುತ್ತಿದ್ದರು. ಜೀವಮಾನವೆಲ್ಲ ಒಂದೇ ಡೀಸೆಲ್ ಗಾಡಿ ಓಡಿಸಿದ್ದ. ಅದು ಲೀಟರಿಗೆ ಎಷ್ಟು ಕೊಡುತ್ತದೆಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಕಣ್ಣು ಮಂಜಾಗಿ ಲೈಸೆನ್ಸ್ ಹೋದಾಗ ಸ್ಟೀರಿಂಗು ಮಗನ ಕೈಗೆ ಬಂತು. ಬಾಯಿ ಮಾತ್ರ ಅಪ್ಪನ ಹತ್ತಿರವೇ ಉಳಿಯಿತು. ಈಗ ಆ ಹಳೆಯ ಗಾಡಿಯನ್ನು ಮಾರಿ, ತನ್ನ ಉಳಿತಾಯವನ್ನೂ ಸೇರಿಸಿ ಹೊಸದನ್ನು ಕೊಳ್ಳಲು ಹೊರಟಿದ್ದ.

"ಗ್ಯಾಸ್ ಗಾಡಿ ಸಾಕಪ್ಪಾ," ಎಂದ ಮಗ ರೊಟ್ಟಿ ಮುರಿಯುತ್ತ. "ಗೋದಾಮಿನ ಎದುರಿಗೇ ಗ್ಯಾಸ್ ಬಂಕ್ ಇದೆ. ನಮ್ಮದೆಲ್ಲ ಸಣ್ಣ ಸಣ್ಣ ಟ್ರಿಪ್ಪು."

"ಟೈಲ್ಸ್ ಹೊರೋ ಗಾಡಿ ಕಣೋ ಅದು, ಬಲೂನ್ ಮಾರೋ ಗಾಡಿಯಲ್ಲ. ಗುಡ್ಡ ಹತ್ಬೇಕು. ಗ್ಯಾಸ್ ಹಾಕ್ಕೊಂಡು ಹೋದ್ರೆ ಅರ್ಧ ದಾರೀಲಿ ಏದುಸಿರು ಬಿಡುತ್ತೆ, ನಿನ್ನ ಹಾಗೆ."

ಬಡಿಸುತ್ತಿದ್ದ ಅಜ್ಜಿ, ಅಂದರೆ ಲೀಟರಪ್ಪನ ಹೆಂಡತಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು.

"ಈ ಕಾಲದ ಗ್ಯಾಸ್ ಗಾಡಿ ಹತ್ತುತ್ತೆ ಅಂತ ಶೋರೂಮಿನವನೇ ಹೇಳಿದ್ನಲ್ಲ?"

"ಡೀಸೆಲ್ಲಿಗೆ ಏನ್ ಹೇಳ್ದ ಅವನು? ಅದನ್ನೂ ಹೇಳು. ಹದಿನೇಳು! ಲೀಟರಿಗೆ ಹದಿನೇಳು ಕಿಲೋಮೀಟರ್. ಅಚ್ಚು ಹಾಕ್ಸಿ ಕೊಟ್ಟಿದಾನೆ." ಲೀಟರಪ್ಪ ಜೇಬಿನಿಂದ ಬಣ್ಣದ ಕಾಗದ ತೆಗೆದು ತಟ್ಟೆಯ ಪಕ್ಕ ಹರಡಿದ.

ಸೊಸೆ ಬಗ್ಗಿ ನೋಡಿದಳು. "ಮಾವ, ಕೆಳಗೆ ಸಣ್ಣಕ್ಷರದಲ್ಲಿ ಏನೋ ಇದೆ. ಪರೀಕ್ಷೆ ಮಾಡಿದಾಗ ಬಂದ ಲೆಕ್ಕ, ರಸ್ತೇಲಿ ಬೇರೆ ಆಗ್ಬಹುದು ಅಂತ."

ಸೊಸೆ ಒಂದು ಲಾಂಡ್ರಿಯಲ್ಲಿ ದಿನವಿಡೀ ನಿಂತು ಇಸ್ತ್ರಿ ಮಾಡುವವಳು. ಲೀಟರಪ್ಪ ಅವಳ ಕಡೆ ತಿರುಗಲೂ ಇಲ್ಲ. "ಇಸ್ತ್ರಿ ಪೆಟ್ಟಿಗೆ ಎಷ್ಟು ಮೈಲೇಜ್ ಕೊಡುತ್ತೆ ಅಂತ ಯಾರಾದ್ರೂ ಕೇಳ್ತಾರೆ, ಆವಾಗ ನೀನು ಮಾತಾಡಮ್ಮ."

ಡೀಸೆಲ್ ಗಾಡಿಯೇ ಬಂತು.

ಟೈಲ್ಸ್ ಗೋದಾಮು ಗುಡ್ಡದ ಆಚೆ ಇತ್ತು, ಊರು ಈಚೆ. ಡಬ್ಬಿಗಳನ್ನು ತುಂಬಿಕೊಂಡು ಏರು ಹತ್ತಬೇಕು, ಇಳಿಜಾರು ಇಳಿಯಬೇಕು, ಪೇಟೆಯ ಗಿಜಿಗಿಜಿಯಲ್ಲಿ ತೆವಳಬೇಕು, ಕಟ್ಟುತ್ತಿರುವ ಮನೆಗಳ ಮುಂದೆ ಮರಳ ರಾಶಿ ಜಲ್ಲಿ ರಾಶಿಗಳ ನಡುವೆ ಹಿಂದೆ ಮುಂದೆ ಮಾಡಿ ನಿಲ್ಲಿಸಬೇಕು. ಡಬ್ಬಿ ಇಳಿಸಿ ಮತ್ತೆ ಗೋದಾಮಿಗೆ. ಮಗನ ಕೆಲಸ ಇಷ್ಟು.

ವಾರದ ಕೊನೆಗೆ ಟ್ಯಾಂಕ್ ಕಂಠಮಟ್ಟ ತುಂಬಿಸುವುದು, ಓಡಿದ ಕಿಲೋಮೀಟರನ್ನು ಹಿಡಿಸಿದ ಡೀಸೆಲ್ಲಿನಿಂದ ಭಾಗಿಸುವುದು: ಇದು ಲೀಟರಪ್ಪನ ನೇಮ. ಭಾಗಿಸುವ ಕೆಲಸವನ್ನು ಅವನು ಮೊಮ್ಮಗಳಿಗೆ ಕೊಟ್ಟ. ಒಂಬತ್ತು ವರ್ಷದ ಆ ಹುಡುಗಿ ಲೆಕ್ಕದಲ್ಲಿ ಚುರುಕು. ಮನೆಯಲ್ಲಿ ಎಲ್ಲರೂ ಅವಳನ್ನು ಚೂಟಿ ಎನ್ನುತ್ತಿದ್ದರು.

"ಹನ್ನೊಂದು ಪಾಯಿಂಟ್ ಎರಡು," ಎಂದಳು ಚೂಟಿ, ಮೊದಲ ವಾರ.

"ಇನ್ನೊಂದ್ಸಲ ಮಾಡು."

"ಹನ್ನೊಂದು ಪಾಯಿಂಟ್ ಎರಡೇ ತಾತ."

ಲೀಟರಪ್ಪ ಊಟ ಬಿಟ್ಟು ಮಗನನ್ನು ನೋಡಿದ. "ಉಳಿದದ್ದು ಎಲ್ಲಿ ಬಿದ್ದೋಯ್ತು? ದಾರೀಲಿ ಹುಡುಕಿದ್ಯಾ?"

"ಹೊಸ ಎಂಜಿನ್ ಅಲ್ವಾ ಅಪ್ಪಾ, ಸ್ವಲ್ಪ ಪಳಗಬೇಕು."

"ಎಂಜಿನ್ ಪಳಗಬೇಕೋ ನೀನು ಪಳಗಬೇಕೋ?"

ಎರಡನೆಯ ವಾರವೂ ಹನ್ನೊಂದೇ ಬಂತು. ಅಂದಿನಿಂದ ಮಗನ ಟೀಗೆ ಹಾಲು ನಿಂತಿತು. "ಅವನು ಡೀಸೆಲ್ ಕುಡ್ಕೊಂಡು ಬಂದಿರ್ತಾನೆ, ಹಾಲು ಹಿಡಿಸಲ್ಲ," ಎಂದ ಲೀಟರಪ್ಪ. ಅಜ್ಜಿ ಕಪ್ಪು ಟೀ ತಂದಿಟ್ಟಳು. ಬೆಳಗಿನ ಮೊಟ್ಟೆಯೂ ನಿಂತಿತು. ಮಗ ಖಾಲಿ ತಟ್ಟೆಯಲ್ಲಿ ರೊಟ್ಟಿಯನ್ನು ಉಪ್ಪಿನಲ್ಲಿ ಅದ್ದಿಕೊಂಡು ತಿನ್ನುವಾಗ, ಎದುರಿಗೆ ಕುಳಿತ ಲೀಟರಪ್ಪ ತನ್ನ ಮೊಟ್ಟೆಯನ್ನು ನಿಧಾನವಾಗಿ ಸುಲಿಯುತ್ತಿದ್ದ.

ಆಮೇಲೆ ಅವನು ಗಾಡಿಯ ಭಾರ ಇಳಿಸಲು ಶುರುಮಾಡಿದ. ಏಸಿ ಕೆಲಸ ಮಾಡದ ಹಾಗೆ ಅದರ ಫ್ಯೂಸ್ ಕಿತ್ತಿಟ್ಟುಕೊಂಡ. ಸ್ಟೆಪ್ನಿ ಟೈರು, ಜಾಕು ಇಳಿಸಿ ಅಂಗಳದ ಮೂಲೆಗೆ ಹಾಕಿದ. ಮೂರು ದಿನಕ್ಕೆ ಗುಡ್ಡದ ಏರಿನಲ್ಲಿ ಟೈರು ಪಂಕ್ಚರಾಗಿ ಮಗ ಉರಿಬಿಸಿಲಲ್ಲಿ ಮಧ್ಯಾಹ್ನವೆಲ್ಲ ಕುಳಿತ. ಮನೆಗೆ ಬಂದಾಗ ಲೀಟರಪ್ಪ ಕೇಳಿದ್ದು ಒಂದೇ ಮಾತು: "ಕೂತಿದ್ದಾಗ ಎಂಜಿನ್ ಆರಿಸಿದ್ಯಾ ಇಲ್ವಾ?"

ಮುಂದಿನ ಸರದಿ ಸೊಸೆಯದು. ಗಾಡಿ ಹೋಗುವ ದಾರಿಯಲ್ಲೇ ಲಾಂಡ್ರಿ ಇತ್ತು. ಬೆಳಿಗ್ಗೆ ಗಂಡ ಅವಳನ್ನು ಅಲ್ಲಿ ಇಳಿಸಿ ಹೋಗುತ್ತಿದ್ದ. ನಿಂತು ನಿಂತು ಅವಳ ಕಾಲು ಸಂಜೆಗೆ ಊದಿಕೊಳ್ಳುತ್ತಿತ್ತು. ಮೈಯೂ ತುಸು ದಪ್ಪವೇ.

"ಇವತ್ತಿಂದ ನಡ್ಕೊಂಡು ಹೋಗಮ್ಮ," ಎಂದ ಲೀಟರಪ್ಪ. "ನೀನು ಹತ್ತಿದ್ರೆ ಗಾಡಿ ಒಂದು ಪಕ್ಕಕ್ಕೆ ವಾಲುತ್ತೆ. ಟೈಲ್ಸಿಗಾದ್ರೆ ಬಾಡಿಗೆ ಬರುತ್ತೆ, ನಿನಗೆ ಯಾರು ಕೊಡ್ತಾರೆ?"

ಸೊಸೆ ಗಂಡನ ಮುಖ ನೋಡಿದಳು. ಅವನು ಶೂ ಲೇಸು ಕಟ್ಟುತ್ತಿದ್ದ, ತಲೆ ಎತ್ತಲಿಲ್ಲ. ಅವಳು ಬುತ್ತಿಯ ಡಬ್ಬಿ ತೆಗೆದುಕೊಂಡು ನಡೆದೇ ಹೋದಳು.

ಮಗ ಗ್ಯಾರೇಜಿಗೆ ಹೋಗಿ ಮೇಸ್ತ್ರಿಯನ್ನು ಕೇಳಿದ. ಮೇಸ್ತ್ರಿ ಗಾಡಿಯ ಕೆಳಗೆ ನುಸುಳಿ, ಎದ್ದು, ಕೈ ಒರೆಸಿಕೊಂಡು ಹೇಳಿದ: "ಗಾಡೀಲಿ ಏನೂ ತೊಂದರೆ ಇಲ್ಲ. ಲೋಡಿಗೆ, ಈ ಟ್ರಾಫಿಕ್ಕಿಗೆ ಇಷ್ಟೇ ಬರೋದು. ಇನ್ನೊಂದು, ಹೊಸ ಡೀಸೆಲ್ ಗಾಡಿಗಳ ಹೊಗೆ ಕೊಳವೇಲಿ ಫಿಲ್ಟರ್ ಇರುತ್ತೆ. ಸಣ್ಣ ಟ್ರಿಪ್ಪಲ್ಲಿ ಅದು ಬಿಸಿ ಆಗಲ್ಲ, ಮಸಿ ಕಟ್ಕೊಳ್ಳುತ್ತೆ. ಆ ಮಸಿ ಸುಡೋಕೆ ಗಾಡಿನೇ ಇನ್ನಷ್ಟು ಡೀಸೆಲ್ ತಿನ್ನುತ್ತೆ. ದೂರದ ಓಡಾಟ ಇದ್ರೆ ಇದು ರಾಜ. ನಿಮ್ಮ ಕೆಲಸಕ್ಕೆ ಗ್ಯಾಸ್ ತಗೋಬೇಕಿತ್ತು."

ಆ ಮಾತನ್ನು ಮಗ ಮನೆಯಲ್ಲಿ ಹೇಳಬಾರದಿತ್ತು. ಹೇಳಿದ.

ಲೀಟರಪ್ಪ ಪೂರ್ತಿ ಕೇಳಿಸಿಕೊಂಡ. "ಅಂದ್ರೆ ನಾನು ತಪ್ಪು ಗಾಡಿ ತಗೊಂಡೆ ಅಂತ?"

"ಹಂಗಲ್ಲಪ್ಪಾ..."

"ಹಂಗೇ. ನಾಲಿಗೆ ಚಪ್ಪರಿಸ್ಕೊಂಡು ಹೇಳ್ದೆ. ನಾಳೆ ಬೆಳಿಗ್ಗೆ ನಾನೇ ಓಡಿಸ್ತೀನಿ. ಪಕ್ಕದಲ್ಲಿ ಕೂತು ನೋಡು."

ಮರುದಿನ ಬೆಳಕು ಹರಿಯುವಾಗ, ಲೈಸೆನ್ಸ್ ಇಲ್ಲದ ಲೀಟರಪ್ಪ ಖಾಲಿ ಗಾಡಿಯನ್ನು ಊರಾಚೆಯ ಸಪಾಟು ಹೆದ್ದಾರಿಗೆ ಒಯ್ದ. ರಸ್ತೆಯಲ್ಲಿ ನರಪಿಳ್ಳೆ ಇರಲಿಲ್ಲ. ಸೈಕಲ್ಲಿನವನೊಬ್ಬ ಮುಂದೆ ಹೋದರೂ ವೇಗ ಹೆಚ್ಚಿಸಲಿಲ್ಲ. ಹೋಗಿ ಬಂದು ಬಂಕಿನಲ್ಲಿ ತುಂಬಿಸಿದ. ಹದಿನಾರು ಮುಕ್ಕಾಲು ಬಂತು. ಅಲ್ಲೇ ಬಂಕಿನವರ ಎದುರಿಗೆ ಮಗನ ಕತ್ತಿನ ಪಟ್ಟಿ ಹಿಡಿದು, "ಕಳ್ಳ ಗಾಡಿಯಲ್ಲ ಕಣಪ್ಪ, ಕಳ್ಳ ಇಲ್ಲಿದಾನೆ," ಎಂದ.

"ಖಾಲಿ ಗಾಡಿ ಓಡ್ಸಿ ಹೇಳ್ತೀರಲ್ಲಪ್ಪಾ. ಲೋಡ್ ಹಾಕಿ ಓಡ್ಸಿ."

"ಲೋಡಿಗೆ ಅಂತಲೇ ಡೀಸೆಲ್ ಇರೋದು. ಎಲ್ಲಿ ಮಾರ್ತಿದೀಯ ಹೇಳು. ಯಾವಳಿಗೆ ಕೊಡ್ತಿದೀಯ?"

ಆ ಪ್ರಶ್ನೆಯನ್ನು ಸಂಜೆ ಊಟದಲ್ಲೂ ಕೇಳಿದ, ಸೊಸೆಯ ಎದುರಿಗೆ. ಸ್ಟ್ಯಾಂಡಿನಲ್ಲೂ ಸುದ್ದಿ ಹಬ್ಬಿತು. ಮಗ ಟೀ ಅಂಗಡಿಗೆ ಹೋದರೆ ಜೊತೆಯ ಡ್ರೈವರುಗಳು, "ಏನಪ್ಪಾ, ನಮಗೂ ಎರಡು ಲೀಟರ್ ಅಗ್ಗಕ್ಕೆ ಹಾಕ್ತೀಯಾ?" ಎಂದು ರೇಗಿಸತೊಡಗಿದರು.

ಅದರ ಮುಂದಿನ ವಾರ ಚೂಟಿ ಲೆಕ್ಕ ಮಾಡಿ, ತಲೆ ಎತ್ತದೆ, "ಹದಿಮೂರು," ಎಂದಳು.

ಲೀಟರಪ್ಪನ ಮುಖ ಅರಳಿತು, ಒಂದೇ ಕ್ಷಣ. ಅವನಿಗೆ ಕಾಗದ ಬೇಕಿರಲಿಲ್ಲ, ತಲೆಯಲ್ಲೇ ಭಾಗಿಸಬಲ್ಲವನು. ತುಟಿಗಳು ಅಲ್ಲಾಡಿದವು. ಕೈ ಚಾಚಿ ಹುಡುಗಿಯ ಕಿವಿ ಹಿಡಿದ.

"ಯಾರು ಹೇಳ್ಕೊಟ್ರು?"

"ಯಾರೂ ಇಲ್ಲ ತಾತ."

"ಅಪ್ಪ ಹೇಳ್ಕೊಟ್ನಾ?"

"ಇಲ್ಲ. ನಾನೇ. ಅಪ್ಪನಿಗೆ ಮೊಟ್ಟೆ ಕೊಡ್ಲಿ ಅಂತ."

ಕೆನ್ನೆಗೆ ಬಿದ್ದ ಏಟಿನ ಸದ್ದಿಗೆ ಅಡುಗೆಮನೆಯಲ್ಲಿದ್ದ ಸೊಸೆ ಓಡಿ ಬಂದಳು. ಚೂಟಿಯ ಪೆನ್ಸಿಲ್ ತಟ್ಟೆಯೊಳಗೆ ಬಿದ್ದಿತ್ತು. ಮಗ ಎದ್ದು ನಿಂತಿದ್ದ. ಅವನ ಕೈಬೆರಳಿಗೆ ಅನ್ನ ಅಂಟಿಕೊಂಡಿತ್ತು.

"ಕೂತ್ಕೋ," ಎಂದಳು ಅಜ್ಜಿ, ಪಾತ್ರೆಯಿಂದ ಸೌಟು ಎತ್ತದೆ. "ಅಪ್ಪನ ಎದುರಿಗೆ ಎಂಜಲು ಕೈಯಲ್ಲಿ ಎದ್ದು ನಿಲ್ತೀಯಾ? ಕೂತ್ಕೋ."

ಅವನು ಕೂತ.

ಅವನು ಕೂತದ್ದನ್ನು ಸೊಸೆ ನೋಡಿದಳು. ಮಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಊಟವಾದ ಮೇಲೆ ಅವನು ಹಿತ್ತಲ ನಲ್ಲಿಯ ಹತ್ತಿರ ಬಂದಾಗ ಅವಳು ಪಾತ್ರೆ ಉಜ್ಜುತ್ತಿದ್ದಳು. ಮೆಲ್ಲಗೆ, ಮುಖ ಎತ್ತದೆ ಮಾತಾಡಿದಳು.

"ಹಳೇ ಗಾಡೀಲಿ ಮಾವ ಇಳಿಜಾರಲ್ಲಿ ಎಂಜಿನ್ ಆರಿಸ್ಕೊಂಡು ಬರ್ತಿದ್ರಂತಲ್ಲ. ದಿನಾ ಹೇಳ್ತಾರೆ. ನೀವೂ ಹಂಗೇ ಮಾಡಿ."

"ಆಗಲ್ಲ ಕಣೇ. ಆ ಗಾಡಿಯ ಬ್ರೇಕು ಬೇರೆ ಥರ. ಇದರಲ್ಲಿ ಎಂಜಿನ್ ಆರಿಸಿದ್ರೆ ಪೆಡಲ್ ಕಲ್ಲಾಗುತ್ತೆ, ಸ್ಟೀರಿಂಗು ತಿರುಗಲ್ಲ. ಮೇಸ್ತ್ರಿ ಪದೇ ಪದೇ ಹೇಳಿದಾನೆ."

"ನಿಮಗೆ ಮೇಸ್ತ್ರಿ ಮಾತು ಕೇಳಿಸುತ್ತೆ. ಮಗಳಿಗೆ ಬಿದ್ದ ಏಟು ಕೇಳಿಸಲ್ಲ."

ಅವನು ನಲ್ಲಿಯ ಕೆಳಗೆ ಕೈ ಹಿಡಿದ.

"ಸ್ವಲ್ಪ ದೂರನಾದ್ರೂ ಆರಿಸಿ," ಎಂದಳು, ಬಾಣಲೆಯ ಮಸಿ ಕೆರೆಯುತ್ತ. "ಆ ಹಾಳು ಲೆಕ್ಕ ಸರಿಯಾಗ್ಲಿ. ಎದ್ದು ನಿಲ್ಲೋ ಗಂಡಸು ಈ ಮನೇಲಿ ಇಲ್ಲ, ಹಂಗಾದ್ರೂ ಮಗು ಉಳೀಲಿ."

ಮರುದಿನದಿಂದ ಅವನು ಆರಿಸತೊಡಗಿದ. ಇಳಿಜಾರಿನ ಮೇಲರ್ಧ ನೆಟ್ಟಗಿತ್ತು, ಅಲ್ಲಿ ಮಾತ್ರ. ಕೆಳಗಿನ ತಿರುವು ಕಾಣಿಸುತ್ತಲೇ ಮತ್ತೆ ಸ್ಟಾರ್ಟ್ ಮಾಡುತ್ತಿದ್ದ. ಮೊದಲ ದಿನ ಅಂಗಿ ಬೆನ್ನಿಗೆ ಅಂಟುವಷ್ಟು ಬೆವರಿದ. ಆಮೇಲೆ ರೂಢಿಯಾಯಿತು. ಆಕ್ಸಿಲರೇಟರನ್ನೂ ಹೂವಿನ ಮೇಲೆ ಕಾಲಿಟ್ಟಂತೆ ಒತ್ತುತ್ತಿದ್ದ. ಹಿಂದಿನ ಗಾಡಿಯವರು ಹಾರ್ನ್ ಹೊಡೆದು ಬೈದು ಹೋಗುತ್ತಿದ್ದರು. ವಾರದ ಕೊನೆಗೆ ಚೂಟಿ ಹೆದರುತ್ತ, "ಹದಿಮೂರು ಪಾಯಿಂಟ್ ಒಂಬತ್ತು. ಸುಳ್ಳಲ್ಲ ತಾತ," ಎಂದಳು.

ಲೀಟರಪ್ಪ ತಾನೂ ಲೆಕ್ಕ ಹಾಕಿದ. ಹೌದು. ಮಗನ ಬೆನ್ನಿಗೆ ಪ್ರೀತಿಯಿಂದ ಗುದ್ದಿ, ಹೆಂಡತಿಯ ಕಡೆ ತಿರುಗಿದ. "ನೋಡ್ದೇನೇ? ನನ್ನ ರಕ್ತ ಅಲ್ವಾ! ಸ್ವಲ್ಪ ಚರ್ಮ ಸುಲಿದ ಮೇಲೆ ಬುದ್ಧಿ ಬಂತು."

ಆ ಹದಿನೈದು ದಿನ ಮನೆ ಮನೆಯ ಹಾಗಿತ್ತು. ಟೀಗೆ ಹಾಲು ಬಂತು, ತಟ್ಟೆಗೆ ಮೊಟ್ಟೆ ಬಂತು. ಒಂದು ಸಂಜೆ ಲೀಟರಪ್ಪ ಮೀನು ತಂದ. ಅಜ್ಜಿ ದೊಡ್ಡ ತುಂಡನ್ನು ಹುಡುಕಿ ಮಗನಿಗೆ ಬಡಿಸಿದಳು. ಚೂಟಿಗೆ ಹೊಸ ರಬ್ಬರು, ಪೆನ್ಸಿಲು ಬಂದವು. ಸೊಸೆಯನ್ನು ಯಾರೂ ಗಾಡಿ ಹತ್ತು ಎನ್ನಲಿಲ್ಲ. ಆದರೂ ಅವಳು ಗಂಡನಿಗೆ ಎರಡನೆಯ ಸಲ ಅನ್ನ ಹಾಕುವಾಗ ಬಹಳ ದಿನಗಳ ಮೇಲೆ ನಕ್ಕಳು.

"ಹದಿನೇಳು ಬರೋ ತನಕ ಬಿಡಬಾರ್ದು," ಎಂದ ಲೀಟರಪ್ಪ ಮೀನಿನ ಮುಳ್ಳು ಬಿಡಿಸುತ್ತ. "ಎಲ್ಲಿ ಕಮ್ಮಿ ಆಗ್ತಿದೆ ಅಂತ ಒಂದು ದಿನ ನಾನೇ ಬಂದು ನೋಡ್ತೀನಿ."

ಬಂದ. ಅಂದು ಗೋದಾಮಿನಲ್ಲಿ ಡಬ್ಬಿಗಳನ್ನು ಕ್ಯಾಬಿನ್ನಿನ ಎತ್ತರಕ್ಕೆ ಪೇರಿಸಿದ್ದರು. ಲೀಟರಪ್ಪ ಪಕ್ಕದ ಸೀಟಿನಲ್ಲಿ ಕುಳಿತು ಏರಿನುದ್ದಕ್ಕೂ ಗೇರು ಬದಲಾಯಿಸುವುದನ್ನು ತಿದ್ದುತ್ತ ಬಂದ. ನೆತ್ತಿ ದಾಟಿದ ಮೇಲೆ ಮಗ ಎಂಜಿನ್ ಆರಿಸಿದ. ಗಾಡಿ ಸದ್ದಿಲ್ಲದೆ ಇಳಿಯತೊಡಗಿತು. ಗಾಳಿಯ ಸದ್ದು ಮಾತ್ರ ಕೇಳುತ್ತಿತ್ತು. ಲೀಟರಪ್ಪ ಖುಷಿಯಿಂದ ತೊಡೆ ತಟ್ಟಿಕೊಂಡ.

ತಿರುವಿಗೆ ಇನ್ನೂ ಸಾಕಷ್ಟು ದೂರವಿತ್ತು. ಮಗ ಎಂದಿನಂತೆ ಸ್ಟಾರ್ಟ್ ಮಾಡಿದ.

"ಯಾಕೋ? ಇನ್ನೂ ಅರ್ಧ ಇಳಿಜಾರಿದೆ."

"ಮುಂದೆ ತಿರುವು ಅಪ್ಪಾ. ಲೋಡ್ ಬೇರೆ ಜಾಸ್ತಿ ಇದೆ."

"ಇಲ್ಲೇ ಹೋಗ್ತಿರೋದು ನಿನ್ನ ಹದಿನೇಳು! ನಾನು ಜೀವಮಾನ ಇಳಿದ ತಿರುವು ಕಣೋ ಇದು." ಎಂದವನೇ ಕೈ ಚಾಚಿ ಕೀಲಿ ತಿರುಗಿಸಿಬಿಟ್ಟ.

"ಅಪ್ಪಾ, ಬೇಡ, ಕೈ ತೆಗೀರಿ."

"ಹೋಗಲಿ ಬಿಡು, ಏನಾಗಲ್ಲ."

ಮಗ ಬ್ರೇಕ್ ಒತ್ತಿದ. ಒಂದು ಸಲ ಹಿಡಿಯಿತು. ಮತ್ತೆ ಒತ್ತಿದಾಗ ಪೆಡಲ್ ಗೋಡೆಯ ಹಾಗೆ ನಿಂತಿತು. ಒಂದು ಕೈಯನ್ನು ಕೀಲಿಗೆ ಚಾಚಿದ, ಅಪ್ಪನ ಕೈ ಅಲ್ಲೇ ಬಿಗಿಯಾಗಿತ್ತು. ಈಗ ಹೆದರಿಕೆಯಿಂದ ಬಿಗಿದುಕೊಂಡಿತ್ತು, ಬಿಡಿಸಲಾಗಲಿಲ್ಲ. ಹ್ಯಾಂಡ್‌ಬ್ರೇಕ್ ಎಳೆದ. ಸುಟ್ಟ ವಾಸನೆ ಬಂತು, ಗಾಡಿ ನಿಲ್ಲಲಿಲ್ಲ. ತಿರುವಿನ ಹೊರಗಡೆ ಒಂದು ಟೀ ಅಂಗಡಿ, ಬೆಂಚಿನ ಮೇಲೆ ಜನ. ಒಳಗಡೆ ಗುಡ್ಡ ಕಡಿದ ಬಂಡೆ. ಎರಡೂ ಕೈಯಲ್ಲಿ ನೇತುಬಿದ್ದು ಸ್ಟೀರಿಂಗನ್ನು ಬಂಡೆಯ ಕಡೆಗೆ ಎಳೆದ.

ಬಂಡೆಗೆ ಬಡಿದದ್ದು ಅವನು ಕುಳಿತ ಕಡೆ. ಹಿಂದಿನಿಂದ ಟೈಲ್ಸ್ ಡಬ್ಬಿಗಳು ಜಾರಿ ಬಂದು ಕ್ಯಾಬಿನ್ನಿನ ಬೆನ್ನನ್ನು ಒಳಕ್ಕೆ ಮಡಿಸಿದವು. ಟೀ ಅಂಗಡಿಯವರು ಓಡಿ ಬಂದು ಲೀಟರಪ್ಪನನ್ನು ಮೊದಲು ಇಳಿಸಿದರು, ಏಕೆಂದರೆ ಅವನ ಬಾಗಿಲು ತೆರೆಯುತ್ತಿತ್ತು. ಅವನ ಹಣೆ ಒಡೆದಿತ್ತು, ಅಷ್ಟೆ. ಮಗನ ಕಾಲನ್ನು ಹೊರಗೆ ತೆಗೆಯಲು ಕಬ್ಬಿಣ ಕತ್ತರಿಸುವವರು ಬರಬೇಕಾಯಿತು.

ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಪೊಲೀಸರು ಬಂದು ಕೇಳಿದಾಗ, ಹಣೆಗೆ ಪಟ್ಟಿ ಕಟ್ಟಿಕೊಂಡು ಕಾರಿಡಾರಿನ ಬೆಂಚಿನಲ್ಲಿ ಕುಳಿತಿದ್ದ ಲೀಟರಪ್ಪ, "ಸ್ಪೀಡು ಸಾರ್," ಎಂದ. "ಪಕ್ಕದಲ್ಲೇ ಇದ್ದೆ. ನಿಧಾನ, ನಿಧಾನ ಅಂತ ಬಡ್ಕೊಂಡೆ. ಈಗಿನ ಮಕ್ಕಳು ಕೇಳ್ತಾರಾ?"

ಮಗನಿಗೆ ಪ್ರಜ್ಞೆ ಬಂದು ಮಾತಾಡುವಷ್ಟಾದಾಗ ಹೆಂಡತಿಗೆ ನಡೆದದ್ದನ್ನು ಹೇಳಿದ. ಅವಳು ಕೇಳುತ್ತ ಕೇಳುತ್ತ ಮಂಚದ ಕಂಬಿ ಹಿಡಿದುಕೊಂಡಳು.

"ನಾನೂ ಹೇಳಿದ್ದೆ," ಎಂದಳು. "ಆರಿಸಿ ಅಂತ ನಾನೂ ಹೇಳಿದ್ದೆ."

ಇಲ್ಲ ಬಿಡು, ನಿಂದೇನೂ ತಪ್ಪಿಲ್ಲ ಎಂದಾನೆಂದು ಕಾದಳು. ಅವನು ಸೂರು ನೋಡುತ್ತ, "ಹೂಂ. ಹೇಳಿದ್ದೆ," ಎಂದ.

ಅವಳು ಮಂಚದ ಕಂಬಿ ಬಿಟ್ಟು, "ಇನ್ಶೂರೆನ್ಸಿನವರು ನಾಳೆ ಬರ್ತಾರಂತೆ. ಅವರಿಗೆ ನಿಜ ಹೇಳಿ," ಎಂದಳು.

"ಓಡೋ ಗಾಡಿಯ ಎಂಜಿನ್ ಬೇಕು ಅಂತಲೇ ಆರಿಸಿದ್ರು ಅಂದ್ರೆ ಅವರು ಬಿಡಿಗಾಸು ಕೊಡಲ್ಲ. ಗಾಡಿನೂ ಹೋಗುತ್ತೆ. ಕಾಲಂತೂ ಬರಲ್ಲ."

"ಹೋಗ್ಲಿ. ಆ ಗಾಡಿ ಹಾಳಾಗಿ ಹೋಗ್ಲಿ."

ಮಾರನೆಯ ದಿನ ಬೆಳಿಗ್ಗೆ ಅಜ್ಜಿ ಗಂಜಿ ತಂದಳು. ಸೊಸೆಯನ್ನು ಔಷಧಿ ತರಲು ಕಳಿಸಿ, ಮಗನ ತಲೆಯನ್ನು ಎತ್ತಿ ಹಿಡಿದು ಚಮಚದಲ್ಲಿ ಕುಡಿಸಿದಳು. ಬಾಯಿ ಒರೆಸಿದಳು. ಅವಳಿಗೂ ಎಲ್ಲ ಗೊತ್ತಿತ್ತು. ಗಂಡನೇ ಹೇಳಿದ್ದ.

"ನಿಂದು ಒಂದು ಕಾಲು ಹೋಯ್ತು," ಎಂದಳು. "ಈ ವಯಸ್ಸಲ್ಲಿ ಅವರ ಮರ್ಯಾದೆನೂ ತೆಗೀಬೇಕಾ? ಸ್ಟ್ಯಾಂಡಲ್ಲಿ ತಲೆ ಎತ್ಕೊಂಡು ತಿರುಗಿದ ಮನುಷ್ಯ. ನೀನಂತೂ ಮನೇಲೇ ಇರ್ತೀಯ. ಯಾರು ಏನಂದ್ರೂ ನಿನಗೆ ಕೇಳಿಸಲ್ಲ."

ಮಗ ಅಮ್ಮನನ್ನೇ ನೋಡಿದ. ಅವಳು ಇನ್ನೊಂದು ಚಮಚ ಎತ್ತಿ ಬಾಯಿಯ ಹತ್ತಿರ ಹಿಡಿದಿದ್ದಳು. ಬಾಯಿ ತೆರೆದ.

ಇನ್ಶೂರೆನ್ಸಿನವನು ಬಂದಾಗ, "ಸ್ಪೀಡಲ್ಲಿದ್ದೆ. ಕಂಟ್ರೋಲ್ ತಪ್ಪಿತು," ಎಂದು ಹೇಳಿದ. ಔಷಧಿ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ ಸೊಸೆ ಅದನ್ನು ಕೇಳಿದಳು. ಮಾತ್ರೆಗಳನ್ನು ಮೇಜಿನ ಮೇಲಿಟ್ಟು ಲಾಂಡ್ರಿಗೆ ಹೊರಟುಹೋದಳು.

ಮಗ ಮನೆಗೆ ಬಂದ. ಹೊರಗಿನ ಕೋಣೆಯಲ್ಲಿ, ಬೀದಿಯ ಕಿಟಕಿಯ ಪಕ್ಕ ಅವನಿಗೆ ಮಂಚ ಹಾಕಿದರು. ಸೊಸೆ ಲಾಂಡ್ರಿಯಲ್ಲಿ ಎರಡು ಪಾಳಿ ಕೆಲಸ ಹಿಡಿದಳು. ಅವನನ್ನು ಎಬ್ಬಿಸುವುದು, ತೊಳೆಯುವುದು, ಗಾಯಕ್ಕೆ ಬಟ್ಟೆ ಕಟ್ಟುವುದು ಎಲ್ಲ ಅವಳೇ ಮಾಡುತ್ತಿದ್ದಳು. ಮಾತು ಮಾತ್ರ ಆಡುತ್ತಿರಲಿಲ್ಲ. ಚೂಟಿಯೂ ಅಜ್ಜನ ಯಾವ ಲೆಕ್ಕವನ್ನೂ ಮಾಡಿಕೊಡುತ್ತಿರಲಿಲ್ಲ. ಕರೆದರೆ, "ನಂಗೆ ಭಾಗಾಕಾರ ಮರೆತೋಗಿದೆ," ಎನ್ನುತ್ತಿದ್ದಳು.

ಇನ್ಶೂರೆನ್ಸಿನಿಂದ ರಿಪೇರಿಯಾಗಿ ಗಾಡಿಯೂ ಮನೆಗೆ ಬಂತು. ಕ್ಯಾಬಿನ್ ಹೊಸದು, ಬಣ್ಣ ಹೊಸದು. ಲೀಟರಪ್ಪ ಹುಡುಕಿ ಹುಡುಕಿ ಒಬ್ಬ ಡ್ರೈವರನ್ನು ಗೊತ್ತುಮಾಡಿದ. ಅವನು ನಡುವಯಸ್ಸು ದಾಟಿದ ಬೋಳುತಲೆಯವನು, ಮಾತು ಕಡಿಮೆ. ಭಾನುವಾರ ಬೆಳಿಗ್ಗೆ ಕೀಲಿ ಕೊಡಲು ಮನೆಗೆ ಕರೆಸಿದ. ಎಲ್ಲರೂ ಇದ್ದರು. ಅಜ್ಜಿ ಟೀ ತಂದಳು. ಸೊಸೆ ಗಂಡನ ಹಾಸಿಗೆಯ ಬಟ್ಟೆ ಬದಲಾಯಿಸುತ್ತಿದ್ದಳು.

"ಲೀಟರಿಗೆ ಹದಿನೇಳು ಕೊಡೋ ಗಾಡಿ," ಎಂದು ಕೀಲಿ ಅವನ ಕೈಗಿಡುತ್ತ ಶುರುಮಾಡಿದ ಲೀಟರಪ್ಪ. "ಓಡಿಸೋ ಕಾಲು ಹಗುರ ಇರ್ಬೇಕು. ಸ್ಪೀಡ್ ಹೋದ್ರೆ ಏನಾಗುತ್ತೆ ನೋಡ್ಬೇಕಾ? ಅಲ್ಲಿ ನೋಡಿ." ಬೆರಳು ಮಾಡಿ ಮಗನ ಮೊಂಡು ಕಾಲನ್ನು ತೋರಿಸಿದ. "ನನ್ನ ಮಗನೇ. ಪಕ್ಕದಲ್ಲೇ ಕೂತಿದ್ದೆ. ನಿಧಾನ ಅಂದೆ, ಕೇಳ್ಲಿಲ್ಲ. ಏ, ಆ ಬಟ್ಟೆ ಸ್ವಲ್ಪ ಸರಿಸಮ್ಮ, ಇವರು ನೋಡ್ಲಿ."

ಸೊಸೆಯ ಕೈ ನಿಂತಿತು. ಗಂಡನ ಮುಖ ನೋಡಿದಳು. ಅವನು ತಾನೇ ಬಟ್ಟೆ ಸರಿಸಿದ.

"ಸ್ಪೀಡ್ ಇರ್ಲಿಲ್ಲ ಅಣ್ಣ," ಎಂದ ಡ್ರೈವರಿಗೆ, ಹವಾಮಾನ ಹೇಳುವವನಂತೆ. "ಡೀಸೆಲ್ ಉಳೀಲಿ ಅಂತ ಇಳಿಜಾರಲ್ಲಿ ನಮ್ಮಪ್ಪ ಕೀಲಿ ಆರಿಸಿದ್ರು. ಬ್ರೇಕು ಕಲ್ಲಾಯ್ತು. ಮತ್ತೆ ಸ್ಟಾರ್ಟ್ ಮಾಡೋಣ ಅಂದ್ರೆ ಕೈ ಬಿಡ್ಲಿಲ್ಲ."

ಅಜ್ಜಿ ಟೀ ಲೋಟವನ್ನು ಡ್ರೈವರಿನ ಮುಂದಿಟ್ಟಳು. "ಜ್ವರದಲ್ಲಿ ಏನೋ ಒದರ್ತಾನೆ," ಎಂದಳು.

"ಜ್ವರ ಇಲ್ಲ," ಎಂದಳು ಸೊಸೆ.

ಡ್ರೈವರ್ ಲೀಟರಪ್ಪನ ಕಡೆ ತಿರುಗಿದ. "ಹೌದಾ ಯಜಮಾನ್ರೇ? ಲೋಡಿದ್ದಾಗ ಆರಿಸಿದ್ರಾ?"

ಲೀಟರಪ್ಪ ಇಲ್ಲ ಎಂದು ಹೇಳಿಬಿಡಬಹುದಿತ್ತು, ಇಷ್ಟು ದಿನ ಹೇಳಿದ ಹಾಗೆ. ಆದರೆ ಎದುರಿಗಿದ್ದವನು ಗಾಡಿ ಬಲ್ಲವನು. ಅಂಥವನ ಮುಂದೆ ತನ್ನ ಕಸುಬನ್ನು ಬಿಟ್ಟುಕೊಡಲು ಅವನಿಗೆ ಆಗಲಿಲ್ಲ.

"ಹದಿನಾಲ್ಕು ಬಂದಿತ್ತು," ಎಂದ. "ಕೇಳಿ ಅವನನ್ನೇ. ಹನ್ನೊಂದು ಬರ್ತಿದ್ದ ಗಾಡಿ ಹದಿನಾಲ್ಕಕ್ಕೆ ಬಂದಿತ್ತು. ಬರ್ಲಿಲ್ವೇನೋ? ಹೇಳೋ!"

ಡ್ರೈವರ್ ಟೀ ಮುಟ್ಟಿರಲಿಲ್ಲ. ಕೀಲಿಯನ್ನು ಮಂಚದ ಅಂಚಿನಲ್ಲಿಟ್ಟು, "ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ," ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಲೀಟರಪ್ಪ ಬನಿಯನ್ನಿನಲ್ಲೇ ಬೀದಿಗೆ ಓಡಿದ. "ಸಂಬಳ ಜಾಸ್ತಿ ಕೊಡ್ತೀನಿ, ನಿಲ್ರೀ, ನಾನು ಜೊತೆಗೆ ಬರಲ್ಲ, ನಿಲ್ರೀ," ಎಂದು ಕೂಗುವುದು ಮೂಲೆಯ ತನಕ ಕೇಳಿಸಿತು.

ಬೇರೆ ಯಾರೂ ಸಿಗಲಿಲ್ಲ. ಸ್ಟ್ಯಾಂಡಿನಲ್ಲಿ ಮಾತು ಹಬ್ಬಿತ್ತು. ಲೀಟರಪ್ಪ ಅಲ್ಲಿಗೆ ಹೋದರೆ ಡ್ರೈವರುಗಳು ಗಾಡಿ ಒರೆಸುವ ನೆಪದಲ್ಲಿ ಬೆನ್ನು ತಿರುಗಿಸುತ್ತಿದ್ದರು. ಹೆಸರು ಹಿಡಿದು ಕರೆಯುವವರೂ ಇರಲಿಲ್ಲ. ಅವನು ಹೋಗುವುದನ್ನು ಬಿಟ್ಟ. ಗಾಡಿಯನ್ನು ಮಾರೋಣ ಎಂದಳು ಅಜ್ಜಿ. ಬಂಡೆಗೆ ಬಡಿದ ಗಾಡಿಗೆ ಬ್ರೋಕರು ಕೊಡುತ್ತೇನೆಂದ ಬೆಲೆ ಕೇಳಿ ಲೀಟರಪ್ಪ ಅವನನ್ನು ಬೈದು ಓಡಿಸಿದ. ಅಜ್ಜಿ ಮಗನ ತಟ್ಟೆಗೆ ಬಡಿಸುವುದನ್ನು ನಿಲ್ಲಿಸಿದಳು. ತನ್ನದು, ಗಂಡನದು ಎರಡೇ ತಟ್ಟೆ ಹಾಕುತ್ತಿದ್ದಳು. ಸೊಸೆ ಹಿತ್ತಲಲ್ಲಿ ಒಂದು ಒಲೆ ಇಟ್ಟುಕೊಂಡು ಮೂವರಿಗೆ ಬೇರೆ ಬೇಯಿಸತೊಡಗಿದಳು. ಒಂದೇ ಸೂರಿನ ಕೆಳಗೆ ಎರಡು ಅಡುಗೆಯ ವಾಸನೆ.

ಗಾಡಿ ಮನೆಯ ಮುಂದೆ, ಕಿಟಕಿಯ ಕೆಳಗೆ ನಿಂತೇ ಇತ್ತು. ನಿಂತ ಗಾಡಿಯ ಬ್ಯಾಟರಿ ಸಾಯುತ್ತದೆಂದು ಲೀಟರಪ್ಪ ಬೆಳಿಗ್ಗೆ ಎದ್ದ ಕೂಡಲೇ ಹೋಗಿ ಎಂಜಿನ್ ಸ್ಟಾರ್ಟ್ ಮಾಡುತ್ತಿದ್ದ. ಸ್ಟೀರಿಂಗಿನ ಮೇಲೆ ಎರಡೂ ಕೈಯಿಟ್ಟು, ಮಂಜುಗಣ್ಣಿನಲ್ಲಿ ಬೀದಿ ನೋಡುತ್ತ ಕೂರುತ್ತಿದ್ದ. ಎಂಜಿನ್ ಗುರುಗುಟ್ಟುತ್ತಿತ್ತು, ಡೀಸೆಲ್ ಉರಿಯುತ್ತಿತ್ತು, ಗಾಡಿ ಒಂದಡಿ ಸರಿಯುತ್ತಿರಲಿಲ್ಲ. ಸೊಸೆ ಚೂಟಿಯ ಕೈ ಹಿಡಿದುಕೊಂಡು, ಬುತ್ತಿಯ ಡಬ್ಬಿಯೊಂದಿಗೆ ಅದರ ಪಕ್ಕದಲ್ಲೇ ನಡೆದು ಹೋಗುತ್ತಿದ್ದಳು. ತಾಯಿ ಮಗಳು ಇಬ್ಬರೂ ಕ್ಯಾಬಿನ್ನಿನ ಕಡೆ ನೋಡುತ್ತಿರಲಿಲ್ಲ.

ಒಂದು ದಿನ ಅವನು ಬಹಳ ಹೊತ್ತು ಹಾಗೇ ಕುಳಿತ. ಹೊಗೆ ಕಿಟಕಿಯಿಂದ ಒಳಗೆ ಬಂದು ಕೋಣೆ ತುಂಬಿತು. ಮಗ ಮೊಣಕೈ ಊರಿ ಎದ್ದು, ಕಿಟಕಿಯ ಸರಳು ಹಿಡಿದುಕೊಂಡ. ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತು ನೋಡುತ್ತಿದ್ದಳು.

"ಅಪ್ಪಾ," ಎಂದ ಮಗ, ದನಿ ಏರಿಸದೆ. "ಆರಿಸಿ."

ಲೀಟರಪ್ಪ ತಿರುಗಿ ನೋಡಲಿಲ್ಲ. ಕೀಲಿಗೆ ಕೈ ಹಾಕಿ ತಿರುಗಿಸಿದ.